ಗೊರಕೆಯೂ ಕಣ್ಣೂ

ಮಠದ ಪ್ರಸಾದ ನಿಲಯದ ಪಡಸಾಲೆಯಲ್ಲಿ ಸಾಲಾಗಿ ಮಲಗುತ್ತಿದ್ದ ವಿದ್ಯಾರ್ಥಿದೆಸೆಯಲ್ಲಿಯೇ ನಮ್ಮ ಗೊರಕೆ ಸಹಪಾಠಿಗಳ ಪರಿಹಾಸ್ಯಕ್ಕೆ ವಸ್ತುವಾಗಿತ್ತು. ಗೊರಕೆ ಹೊಡೆಯುವವನು ನಿಶ್ಚಿಂತನೆಂದೇ ಆಗ ಎಲ್ಲರ ಭಾವನೆ, ನಮ್ಮದೂ ಅದೇ. ಮುಂದೆ ಗೃಹಸ್ಥರಾದ ಮೇಲೆ ನಮ್ಮ ಮನೆಯವರು, "ನಡುರಾತ್ರಿ ನಿಮ್ಮ ಉಸಿರೇ ನಿಂತುಬಿಡುತ್ತದೆ; ಆಮೇಲೆ ಬೆಚ್ಚಿದಂತೆ ಎಳೆದುಕೊಳ್ಳುತ್ತೀರಿ. ನನಗೆ ಹೆದರಿಕೆಯಾಗುತ್ತದೆ" ಎಂದು ಎಷ್ಟೋ ಸಲ ಹೇಳಿದರು. ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಹಗಲು ಗ್ರಂಥದ ಮುಂದೆ ತೂಕಡಿಸುವುದನ್ನು ವಯಸ್ಸಿನ ಲೆಕ್ಕಕ್ಕೆ ಬರೆದಿದ್ದೆವು.

ಎರಡು ವರ್ಷಗಳ ಹಿಂದೆ ನಮ್ಮ ಎಡಭುಜ ಪದೇ ಪದೇ ಬಾಗಿಲ ಚೌಕಟ್ಟಿಗೆ ತಾಗತೊಡಗಿತು. ಓದಿಗೆ ತೊಡಕಿರಲಿಲ್ಲ. ಪೂಜೆಯ ವೇಳೆ ಅಂಗೈಯ ಇಷ್ಟಲಿಂಗದಲ್ಲಿ ನೆಟ್ಟ ನೋಟವೂ ಸ್ವಚ್ಛವಾಗಿಯೇ ಇತ್ತು. ಗ್ಲಾಕೋಮಾ ಎಂಬ ಕಣ್ಣಿನ ಬೇನೆಯ ಮೋಸವೇ ಇದು. ಸಾಮಾನ್ಯವಾಗಿ ಅದು ನೋಟದ ನಡುಭಾಗವನ್ನು ಕೊನೆಗೆ ಉಳಿಸಿ, ಅಂಚುಗಳನ್ನು ಸದ್ದಿಲ್ಲದೆ ಕಬಳಿಸುತ್ತ ಬರುತ್ತದೆ. ಒಂದೆಡೆ ಕಣ್ಣಿನ ಒತ್ತಡವನ್ನಷ್ಟೇ ಅಳೆದು, ಸಹಜವೆನ್ನುವ 21ರ ಒಳಗಿದೆ, ಚಿಂತೆಯಿಲ್ಲವೆಂದು ಕಳುಹಿಸಿದರು. ಮತ್ತೊಬ್ಬ ವೈದ್ಯೆ ಹನಿಮದ್ದು ಹಾಕಿ, ಪಾಪೆಯನ್ನು ಹಿಗ್ಗಿಸಿ ದೃಷ್ಟಿನರವನ್ನೇ ನೋಡಿದರು. ಒತ್ತಡ ಸಹಜವಾಗಿದ್ದೂ ನರ ಸವೆದಿತ್ತು. ಆಗ ಅವರು ಕೇಳಿದ ಪ್ರಶ್ನೆ ನಮಗೆ ವಿಚಿತ್ರವೆನಿಸಿತು: "ರಾತ್ರಿ ಗೊರಕೆ ಹೊಡೆಯುತ್ತೀರಾ?" ಉತ್ತರ ಕೊಟ್ಟವರು ನಮ್ಮ ಮನೆಯವರು. ನಿದ್ರಿಸುವವನಿಗೆ ತನ್ನ ನಿದ್ರೆಯ ವಾರ್ತೆ ಹೇಗೆ ತಿಳಿದೀತು?

ಈ ತೊಂದರೆಗೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು, ಎಷ್ಟೋ ವೇಳೆ ಅದಕ್ಕೂ ಹೆಚ್ಚು ಕಾಲ ಉಸಿರಾಟವಿರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ರಕ್ತದೊತ್ತಡ ಏರಿಳಿಯುತ್ತದೆ. ರಾತ್ರಿಯೆಲ್ಲ ಹೀಗೆಯೇ ನಡೆದರೆ, ಸೂಕ್ಷ್ಮ ರಕ್ತನಾಳಗಳನ್ನೇ ನೆಚ್ಚಿದ ದೃಷ್ಟಿನರ ಸೊರಗಬಹುದೆಂಬುದು ವೈದ್ಯರ ತರ್ಕ. ಈ ತೊಂದರೆಯುಳ್ಳವರಲ್ಲಿ ಗ್ಲಾಕೋಮಾ, ಅದರಲ್ಲಿಯೂ ಒತ್ತಡ ಸಹಜವಾಗಿರುವ ಬಗೆಯದು, ಹೆಚ್ಚಾಗಿ ಕಂಡುಬಂದಿದೆಯೆಂದು ಹಲವು ಅಧ್ಯಯನಗಳು ತಿಳಿಸಿವೆ. ಆದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಇನ್ನೂ ಸಿದ್ಧಪಟ್ಟಿಲ್ಲ. ಗೊರಕೆ ಹೊಡೆಯುವ ಶರಣಬಂಧುಗಳೆಲ್ಲ ಅಂಜಬೇಕಿಲ್ಲ; ಉಸಿರು ನಿಲ್ಲುವುದನ್ನು ಮನೆಯವರು ಕಂಡಿದ್ದರೆ ಅದನ್ನು ಕಣ್ಣಿನ ವೈದ್ಯರಿಗೂ ತಿಳಿಸಬೇಕು.

ನಮ್ಮ ಮೈಗೆಲ್ಲ ತಂತಿಗಳನ್ನು ಅಂಟಿಸಿ ಒಂದು ರಾತ್ರಿ ಮಲಗಿಸಿ ನೋಡಿದರು. ಗಂಟೆಗೆ 34 ಬಾರಿ ಶ್ವಾಸ ತಡೆದಿತ್ತು. 30 ದಾಟಿದರೆ ತೀವ್ರವೆಂದು ಲೆಕ್ಕ. ಸಿಪ್ಯಾಪ್ ಎಂಬ ಯಂತ್ರವನ್ನು ಸೂಚಿಸಿದರು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಲೋಕಕ್ಕೆ ಪರಿಚಯಿಸಿದ ಚಿಕಿತ್ಸೆಯಿದು. ಮೂಗಿಗೆ ಕಟ್ಟಿದ ಮಾಸ್ಕಿನ ಮೂಲಕ ಗಾಳಿಯನ್ನು ಒತ್ತಿ ಕಳುಹಿಸಿ ಗಂಟಲು ಮುಚ್ಚದಂತೆ ಕಾಯುತ್ತದೆ. ಕೆಲವರಲ್ಲಿ ಇದು ರಾತ್ರಿಯ ವೇಳೆ ಕಣ್ಣಿನ ಒತ್ತಡವನ್ನು ತುಸು ಏರಿಸುವುದೂ ಉಂಟು. ಹಾಗೆಂದು ಯಂತ್ರವನ್ನು ಬಿಡಬಾರದು, ಕಣ್ಣಿನ ಪರೀಕ್ಷೆಯನ್ನು ತಪ್ಪಿಸಬಾರದು ಎಂದು ನಮಗೆ ಕಟ್ಟಪ್ಪಣೆಯಾಗಿದೆ.

ಈಗ ಮಲಗುವ ಮುನ್ನ ಕಣ್ಣಿಗೆ ಹನಿಮದ್ದು, ಮೂಗಿಗೆ ಮಾಸ್ಕು. ಹಗಲಿನ ತೂಕಡಿಕೆ ತೊಲಗಿದೆ. ಹೋದ ನೋಟ ಮರಳಲಿಲ್ಲ, ಮರಳುವುದೂ ಇಲ್ಲ. ಉಳಿದದ್ದು ಕಳೆದ ತಿಂಗಳ ಪರೀಕ್ಷೆಯವರೆಗೂ ಹಾಗೆಯೇ ಇದೆ. ಯಂತ್ರ ಬಂದ ಮೊದಲ ವಾರ ಆ ನಿಶ್ಶಬ್ದಕ್ಕೆ ನಮ್ಮ ಮನೆಯವರೇ ಎಚ್ಚರಗೊಂಡು, ನಮ್ಮ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದರು.