ಆರು ದಿನದ ಬೇಸಿಗೆ ರಜೆ

ನ್ಯೂಜೆರ್ಸಿಯ ಶಾಲೆಗಳಲ್ಲಿ ವಸಂತದ ರಜೆ ಎಂದರೆ ಹೆಚ್ಚೆಂದರೆ ಒಂದು ವಾರ. ಹೆಸರಿಗೆ ವಸಂತ, ಐಸೆಲಿನ್ನಿನಲ್ಲಿ ಆಗಲೂ ಮಕ್ಕಳು ಬೆಳಿಗ್ಗೆ ಜಾಕೆಟ್ಟು ತೊಟ್ಟೇ ಹೊರಡುತ್ತಾರೆ. ಈಸ್ಟರ್ ಹಬ್ಬದ ಆಸುಪಾಸಿನಲ್ಲಿ ಬರುವ ಈ ರಜೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಎರಡು ವಾರ. ಜರ್ಮನಿಯಲ್ಲಿ ರಾಜ್ಯಕ್ಕೊಂದು ಲೆಕ್ಕ. ಜಪಾನಿನಲ್ಲಿ ಶಾಲೆಯ ವರ್ಷ ಮಾರ್ಚಿಗೆ ಮುಗಿದು ಏಪ್ರಿಲ್‌ಗೆ ಶುರುವಾಗುವುದರಿಂದ ಅಲ್ಲಿ ಅದು ಎರಡು ತರಗತಿಗಳ ನಡುವಿನ ಬಿಡುವು. ನಮ್ಮ ಕರ್ನಾಟಕದಲ್ಲಿ ವಸಂತಕ್ಕೆಂದು ಬೇರೆ ರಜೆಯೇ ಇಲ್ಲ. ಯುಗಾದಿಗೆ ಒಂದು ದಿನ. ಆಮೇಲೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ.

ಈ ಲೆಕ್ಕವೆಲ್ಲ ನಮ್ಮ ಮನೆಯಲ್ಲಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ನನ್ನ ಮಗಳಿಗೂ ತೀರ್ಥಹಳ್ಳಿಯಲ್ಲಿರುವ ಅಣ್ಣನ ಮಕ್ಕಳಿಗೂ ಒಟ್ಟಿಗೆ ರಜೆ ಸಿಗುವುದು ಯಾವಾಗ?

ಇಲ್ಲಿನ ದೊಡ್ಡ ರಜೆ ಜೂನ್ ಕೊನೆಗೆ ಶುರುವಾಗುತ್ತದೆ. ನಾವು ಜುಲೈಯಲ್ಲಿ ಊರಿಗೆ ಹೋದರೆ ಮಲೆನಾಡಿನಲ್ಲಿ ಜಡಿಮಳೆ, ಮಾವು ಮುಗಿದಿರುತ್ತದೆ, ಅಣ್ಣನ ಮಕ್ಕಳು ಕೊಡೆ ಹಿಡಿದು ಶಾಲೆಗೆ ಹೋಗುತ್ತಾರೆ. ಮಗಳು ಜಗಲಿಯಲ್ಲಿ ಕುಳಿತು ಅವರು ಬರುವ ಹೊತ್ತು ಕಾಯುತ್ತಾಳೆ. ಬಂದವರಿಗೆ ಮನೆಪಾಠ. ರಜೆಯ ಸುಖ ಎಷ್ಟು ದಿನ ಎಂಬುದರಲ್ಲಿಲ್ಲ, ಜೊತೆಗೆ ಇನ್ನಾರಿಗೆ ರಜೆ ಎಂಬುದರಲ್ಲಿದೆ.

ಉಳಿದದ್ದು ವಸಂತದ ಆ ಒಂದು ವಾರ. ಅದಕ್ಕೂ ಚಂದ್ರನ ಅಪ್ಪಣೆ ಬೇಕು. ಯುಗಾದಿ ಅಮಾವಾಸ್ಯೆಯ ಮರುದಿನ. ಈಸ್ಟರ್, ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಭಾನುವಾರ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಬಂದು ಹೋಯಿತು, ಅಲ್ಲಿ ಇನ್ನೂ ಪರೀಕ್ಷೆಯ ಕಾಲ. 2025ರಲ್ಲಿ ಅದು ಏಪ್ರಿಲ್ 20. ಎರಡೂ ಕಡೆಯ ರಜೆ ಕೂಡಿಬಂತು.

ಆದರೂ ಟಿಕೆಟ್ ಕೊಂಡ ಮೇಲೆ ಚಳಿಗಾಲವಿಡೀ ನನಗೆ ನಿದ್ದೆಯಿಲ್ಲ. ಇಲ್ಲಿ ಶಾಲೆಗಳು ವರ್ಷಕ್ಕೆ 180 ದಿನ ನಡೆಯಲೇಬೇಕು. ಹಿಮ ಬಿದ್ದು ಹೆಚ್ಚು ದಿನ ಮುಚ್ಚಿದರೆ ವಸಂತದ ರಜೆಗೇ ಕತ್ತರಿ ಬೀಳಬಹುದು. ಹಿಮ ಬಿತ್ತೆಂದರೆ ಮಗಳಿಗೆ ಹಬ್ಬ, ನನಗೆ ಲೆಕ್ಕ. ಆ ವರ್ಷ ಬಚಾವಾದೆವು.

ಎರಡು ವಾರಾಂತ್ಯ ಸೇರಿ ಒಂಬತ್ತು ದಿನ. ನೆವಾರ್ಕಿನಿಂದ ಬೆಂಗಳೂರು, ಅಲ್ಲಿಂದ ತೀರ್ಥಹಳ್ಳಿ, ಮತ್ತೆ ವಾಪಸು ಎಂದು ಮೂರು ದಿನ ದಾರಿಯಲ್ಲೇ ಕಳೆದು ಆರು ಉಳಿದವು. "ಇಷ್ಟಕ್ಕೆ ಯಾಕೆ ಇಷ್ಟು ದುಡ್ಡು ಸುರಿದ್ಯೋ?" ಎಂದರು ಅಮ್ಮ. ಹಾಗೆ ಅಂದವರೇ ಮರುದಿನ ಹಲಸಿನಕಾಯಿ ಕೊಯ್ಯಿಸಿದರು.

ಐಸೆಲಿನ್ನಿನ ಓಕ್ ಟ್ರೀ ರಸ್ತೆಯ ಅಂಗಡಿಗಳಲ್ಲಿ ಹಪ್ಪಳಕ್ಕೆ ಬರವಿಲ್ಲ. ಹಪ್ಪಳ ಒಣಗಿಸುವ ಅಂಗಳ ಅಲ್ಲಿ ಸಿಗುವುದಿಲ್ಲ. ಮಗಳು ಅಣ್ಣನ ಮಕ್ಕಳ ಜೊತೆ ಹಲಸಿನ ಹಪ್ಪಳಕ್ಕೆ ಕಾಗೆ ಕಾದಳು. ಕಾಯುವವರೇ ಅರೆ ಒಣಗಿದ್ದನ್ನು ಕದ್ದು ತಿಂದರು. ಕೊಬ್ಬರಿ ಎಣ್ಣೆ ಹಾಕಿದ ಹಪ್ಪಳದ ಹಿಟ್ಟಿಗೆ ಜಗಳವಾಯಿತು. ಮೂರನೇ ದಿನಕ್ಕೆ ಅವಳು ಕನ್ನಡದಲ್ಲೇ ಚಾಡಿ ಹೇಳತೊಡಗಿದಳು: "ಅಜ್ಜೀ, ಇವನು ನನ್ನ ಪಾಲನ್ನೂ ತಿಂದ!" ವಾರವಾರ ಪಾಠ ಹೇಳಿದರೂ ಬಾರದ ಭಾಷೆ ಹಂಚಿಕೆಯ ಜಗಳದಲ್ಲಿ ತಾನಾಗಿ ಬಂತು.

ಅಮ್ಮನಿಗೆ ಆಗ ಎಂಬತ್ತೊಂದು, ಮಗಳಿಗೆ ಹತ್ತು. 2026ರಲ್ಲಿ ಈಸ್ಟರ್ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಎರಡೂ ನಮ್ಮ ಪಾಲಿಗಿಲ್ಲ. 2028ರಲ್ಲಿ ಏಪ್ರಿಲ್ 16, ಕೂಡಿಬರಬಹುದು. ಫೋನಿನಲ್ಲಿ ಇದನ್ನು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ, ಮರದಲ್ಲಿ ಕಾಯಿ ಇರ್ತದೆ" ಎಂದರು.