ಜಾಹೀರಾತು ಬಂತು, ಹನಿ ಹಾಕು

ಹೋದ ತಿಂಗಳು ಮೂರನೇ ಸಲ ಮ್ಯೂಸಿಕ್ ಆ್ಯಪ್ ಬದಲಿಸಿದೆ. ಕಾರಣ ಅದೇ ಹಳೇದು, ಜಾಹೀರಾತು. ಮೆಟ್ರೋದಲ್ಲಿ ಕಂಬ ಹಿಡಿದು, ಕಣ್ಣು ಮುಚ್ಚಿ ಭೀಮಸೇನ ಜೋಶಿಯವರನ್ನು ಕೇಳ್ತಾ ನಿಂತಿದ್ದೆ. ಆಲಾಪ ಇನ್ನೇನು ಮೇಲಿನ ಷಡ್ಜ ಮುಟ್ಟಬೇಕು, ಅಷ್ಟರಲ್ಲಿ ಯಾರೋ ಒಬ್ಬ ಕಿವಿಯೊಳಗೇ ಬಂದು ‘ಐದೇ ನಿಮಿಷದಲ್ಲಿ ಪರ್ಸನಲ್ ಲೋನ್’ ಅಂತ ಕಿರುಚಿದ. ಆವತ್ತೇ ಆ ಆ್ಯಪ್ ತೆಗೆದೆ. ಇನ್ನೊಂದಕ್ಕೆ ದುಡ್ಡು ಕಟ್ಟಿದೆ. ಹಾಡಿನ ನಡುವಿನ ಜಾಹೀರಾತು ನಿಂತಿತು, ಆದರೆ ಪಾಡ್‌ಕಾಸ್ಟ್ ಹಚ್ಚಿದರೆ ಮಾತಾಡುವವರೇ ಮಧ್ಯೆ ನಿಲ್ಲಿಸಿ ಹಾಸಿಗೆ ಮಾರ್ತಾರೆ. ದುಡ್ಡು ಕೊಟ್ಟೂ ಕೇಳೋ ಕರ್ಮ!

ಊರಿಗೆ ಫೋನ್ ಮಾಡಿದಾಗ ಅವ್ವನ ಮುಂದೆ ಗೊಣಗಿದೆ. ಅವ್ವ ನಕ್ಕಳು. “ನೀ ಥೇಟ್ ನಿಮ್ಮ ಮುತ್ಯಾನ ಮೊಮ್ಮಗಳು ನೋಡು. ಅವರು ರೇಡಿಯೋದ ಕಿವಿ ಹಿಂಡತಿದ್ರು, ನೀ ಫೋನಿನ ಕಿವಿ ಹಿಂಡಾಕತ್ತಿ.”

ನಾನೂ ನಕ್ಕೆ. ಆದರೆ ಫೋನ್ ಇಟ್ಟ ಮೇಲೆ ಮುತ್ಯಾನ ರೇಡಿಯೋ ನೆನಪಾಯ್ತು. ಅದರ ಹಿಂದೆಯೇ, ಯಾರಿಗೂ ಹೇಳದ ಒಂದು ಮಾತೂ ನೆನಪಾಯ್ತು.

ನಮ್ಮೂರು ಮುಧೋಳ. ಹೊರಗಿನವರಿಗೆ ಈ ಹೆಸರು ಕೇಳಿದರೆ ನಾಯಿ ನೆನಪಾಗುತ್ತೆ, ಕನ್ನಡ ಓದಿದವರಿಗೆ ಕವಿ ರನ್ನ. ನಮಗೆ ಮಾತ್ರ ಕಬ್ಬು, ಘಟಪ್ರಭಾ, ಮತ್ತೆ ರಾತ್ರಿ ಎಷ್ಟು ಹೊತ್ತಿಗೋ ಬರುವ ತ್ರೀ ಫೇಜ್ ಕರೆಂಟು. ಮುತ್ಯಾ ಬದುಕೆಲ್ಲ ಕಬ್ಬಿನ ಹೊಲದಲ್ಲೇ ಕಳೆದವನು. ಅವನ ಜೊತೆ ಹೊಲಕ್ಕೆ ಹೋಗ್ತಿದ್ದದ್ದು ಚರ್ಮದ ಚೀಲ ತೊಟ್ಟ ಒಂದು ರೇಡಿಯೋ. ಅದಕ್ಕೊಂದು ಲೈಸೆನ್ಸ್ ಪುಸ್ತಕವೂ ಇತ್ತು. ಎಂಬತ್ತರ ದಶಕದವರೆಗೂ ಮನೆಯಲ್ಲಿ ರೇಡಿಯೋ ಇಡಬೇಕಂದ್ರೆ ವರ್ಷಾ ವರ್ಷಾ ಪೋಸ್ಟ್ ಆಫೀಸಿಗೆ ಹೋಗಿ ಫೀ ಕಟ್ಟಿ ಠಸ್ಸೆ ಹೊಡೆಸ್ಕೊಂಡು ಬರಬೇಕಿತ್ತಂತೆ. ನಾವೇನೋ ಸಬ್‌ಸ್ಕ್ರಿಪ್ಷನ್ ಅನ್ನೋದನ್ನ ಈಗ ಕಂಡುಹಿಡಿದವರ ಹಾಗೆ ಮಾತಾಡ್ತೀವಿ!

ಮುತ್ಯಾನಿಗೆ ಎರಡೇ ಸ್ಟೇಷನ್ನು. ಒಂದು 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ, ಇನ್ನೊಂದು ಗಡಿಯಾಚೆಯ ಸಾಂಗಲಿ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ. ಸಾಂಗಲಿಯಲ್ಲಿ ನಾಟ್ಯಸಂಗೀತ, ಅಭಂಗ. ಧಾರವಾಡದಲ್ಲಿ ಜಾಹೀರಾತು ಬಂತೋ, ಮುಳ್ಳು ಸಾಂಗಲಿಗೆ. ಸಾಂಗಲಿಯಲ್ಲೂ ಬಂತೋ, ವಾಪಸ್ ಧಾರವಾಡಕ್ಕೆ. “ಸಂತ್ಯಾಗ ಕುಂತಂಗ ಆಗತೈತಿ” ಅಂತಿದ್ದ. ಗೊಬ್ಬರ, ಚಹಾಪುಡಿ, ಬನಿಯನ್ನು, ಸೋಪು ಎಲ್ಲದರ ಮೇಲೂ ಅವನಿಗೆ ಒಂದೇ ಸಿಟ್ಟು.

ಇದರಲ್ಲಿ ಒಂದು ತಮಾಷೆ ಇದೆ. ಅವನ ಹುಡುಗತನದಲ್ಲಿ ಇಡೀ ದೇಶವೇ ಜಾಹೀರಾತಿನ ರೇಡಿಯೋ ಹುಡುಕಿಕೊಂಡು ಹೋಗಿತ್ತು. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕೇಳೋದೇ ಕಷ್ಟವಾಯ್ತು. ಜನ ರೇಡಿಯೋ ಸಿಲೋನ್‌ಗೆ ಮುಳ್ಳು ತಿರುಗಿಸಿದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯ್ತು. ಬಿನಾಕಾ ಅಂದ್ರೆ ಟೂತ್‌ಪೇಸ್ಟ್. ಕಾರ್ಯಕ್ರಮದ ಹೆಸರೇ ಜಾಹೀರಾತು, ಆದರೂ ವಾರಕ್ಕೊಮ್ಮೆ ಜನ ಕಾದು ಕೂತು ಕೇಳಿದರು. ಆಮೇಲೆ ಆಕಾಶವಾಣಿಯೂ 1957ರಲ್ಲಿ ವಿವಿಧ ಭಾರತಿ ತಂತು. ಹತ್ತು ವರ್ಷಕ್ಕೆ, 1967ರಲ್ಲಿ, ಅದರಲ್ಲೂ ಜಾಹೀರಾತು ಬಂತು. ಮುತ್ಯಾನ ಕಿವಿ ಹಿಂಡುವ ಚಟ ಶುರುವಾದದ್ದು ಅದಾದ ಮೇಲೆ ಎಲ್ಲೋ ಇರಬೇಕು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮುತ್ಯಾನ ಕಣ್ಣು ಹೋಯ್ತು. ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಏರಿ ನರ ಸೊರಗಿತ್ತು. ನೋವಿಲ್ಲ, ಕೆಂಪಿಲ್ಲ, ಬದಿಯಿಂದ ಕತ್ತಲೆ ಬರ್ತಾ ಬರ್ತಾ ನಡುವಿನವರೆಗೆ ಬಂದಿದೆ. ವಯಸ್ಸಾಯ್ತು, ಮಂಜಾಗ್ತಿದೆ ಅಂತ ಸುಮ್ಮನಿದ್ದ. ಡಾಕ್ಟರು ನೋಡುವ ಹೊತ್ತಿಗೆ ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಲ್ಲಿ ಮುಖದ ನೆರಳು, ಬಾಗಿಲ ಬೆಳಕು ಕಾಣ್ತಿತ್ತು. “ಹೋದದ್ದು ಬರೋದಿಲ್ಲ. ಉಳಿದದ್ದು ಉಳೀಬೇಕಂದ್ರ ಈ ಹನಿ ಮುಂಜಾನೆ ಒಂದು, ಸಂಜಿಕೆ ಒಂದು. ಒಂದ ದಿನಾನೂ ತಪ್ಪಬಾರದು” ಅಂದರು.

ಮುತ್ಯಾ ಹನಿ ಹಾಕ್ಕೊಳ್ಳೋ ಕೆಲಸ ಯಾರಿಗೂ ಬಿಟ್ಟುಕೊಡಲಿಲ್ಲ. ಆಯಿ ಹೋಗಿ ಆಗಲೇ ವರ್ಷಗಳಾಗಿದ್ದವು. ಕಬ್ಬು ಕಡಿಯುವ ದಿನಗಳಲ್ಲಿ ಅಪ್ಪ, ಅವ್ವ ನಸುಕಿಗೇ ಹೊಲಕ್ಕೆ ಹೋದರೆ ಬರ್ತಿದ್ದದ್ದು ಕತ್ತಲಾದ ಮೇಲೆ. ಅವನ ಗಡಿಯಾರ ಅಂದ್ರೆ ಧಾರವಾಡ. ಬೆಳಗ್ಗೆ 7.35ಕ್ಕೆ ದೆಹಲಿಯ ಕನ್ನಡ ವಾರ್ತೆ. ಅದಕ್ಕೆ ಮುಂಚೆ ಒಂದೆರಡು ಜಾಹೀರಾತು ಬರ್ತಿದ್ದವು. ಅವು ಶುರುವಾದ ಕೂಡಲೇ ಮುತ್ಯಾ ದಿಂಬಿನ ಕೆಳಗೆ ಕೈ ಹಾಕಿ ಬಾಟಲಿ ತೆಗೀತಿದ್ದ. ಮುಚ್ಚಳ ತಿರುವಿ, ಗೋಡೆಗೆ ತಲೆ ಆನಿಸಿ, ಎಡಗೈ ಬೆರಳಲ್ಲಿ ರೆಪ್ಪೆ ಎಳೆದು ಹಿಡಿಯೋ ಹೊತ್ತಿಗೆ ವಾರ್ತೆಯ ದನಿ ಬರ್ತಿತ್ತು. ಟಪ್ ಅಂತ ಒಂದು ಹನಿ. ಆಮೇಲೆ ವಾರ್ತೆ ಮುಗಿಯೋವರೆಗೂ ಕಣ್ಣು ತೆಗೀತಿರಲಿಲ್ಲ. ಸಂಜೆ ಪ್ರದೇಶ ಸಮಾಚಾರಕ್ಕೆ ಮತ್ತೆ ಇದೇ. ಬೈಯೋದನ್ನೇನೂ ಬಿಟ್ಟಿರಲಿಲ್ಲ. ರೆಪ್ಪೆ ಎಳ್ಕೊಂಡೇ ಬನಿಯನ್ ಮಾರುವವನಿಗೆ ಬೈತಿದ್ದ.

2006ರ ದೀಪಾವಳಿಗೆ ಬೆಂಗಳೂರಿನಿಂದ ಕಾಕಾ ಬಂದ. ಅವನ ಕೈಯಲ್ಲಿ ಒಂದು ಡಬ್ಬಿ, ವರ್ಲ್ಡ್‌ಸ್ಪೇಸ್ ರೇಡಿಯೋ. ನಿಮ್ಮಲ್ಲಿ ಕೆಲವರ ಮನೆಯ ಅಟ್ಟದಲ್ಲಿ ಇನ್ನೂ ಅದು ಬಿದ್ದಿರಬಹುದು. ಇಥಿಯೋಪಿಯಾ ಮೂಲದ ನೋವಾ ಸಮಾರಾ ಕಟ್ಟಿದ ಕಂಪನಿ. 2000ದಲ್ಲಿ ಹಾರಿಸಿದ ಏಷ್ಯಾಸ್ಟಾರ್ ಉಪಗ್ರಹದಿಂದ ನೇರ ನಮ್ಮ ಮನೆಗೆ ಹಾಡು. ಸ್ಪರ್ಶ ಅಂತ ಕನ್ನಡಕ್ಕೊಂದು ಚಾನೆಲ್, ಗಂಧರ್ವ್ ಅಂತ ಹಿಂದೂಸ್ತಾನಿಗೆ ಒಂದು, ಶ್ರುತಿ ಅಂತ ಕರ್ನಾಟಕ ಸಂಗೀತಕ್ಕೆ ಒಂದು. ಚಂದಾ ಕಟ್ಟಬೇಕು, ಅದರ ಸಂಗೀತದ ಚಾನೆಲ್‌ಗಳಲ್ಲಿ ಜಾಹೀರಾತು ಇಲ್ಲ. ಜಾಹೀರಾತಿಲ್ಲದ ಈ ರೇಡಿಯೋಗೆ ಎ.ಆರ್. ರೆಹಮಾನ್ ಜಾಹೀರಾತು ಮಾಡಿದ್ದರು ಅನ್ನೋದು ಬೇರೆ ಮಾತು.

ಅದರ ಆಂಟೆನಾ ಹಚ್ಚೋದೇ ಒಂದು ಹಬ್ಬ. ಉಪಗ್ರಹ ನಮಗೆ ಪೂರ್ವದಲ್ಲಿ, ಕೊಂಚ ದಕ್ಷಿಣಕ್ಕೆ, ಅರ್ಧ ಆಕಾಶದ ಎತ್ತರದಲ್ಲಿ. ಅಂಗೈಯಷ್ಟಗಲದ ಆಂಟೆನಾವನ್ನ ಸರಿಯಾಗಿ ಆ ಕಡೆ ಮುಖ ಮಾಡಿಸಬೇಕು, ನಡುವೆ ಬೇವಿನ ಗಿಡ ಬಂದರೂ ಹಾಡು ಹೋಗುತ್ತೆ. ಕಾಕಾ ಮಾಳಗಿ ಮೇಲೆ, ನಾನು ಮೆಟ್ಟಿಲಲ್ಲಿ, ಅಪ್ಪ ಒಳಗೆ. “ಬಂತೇನು?” “ಇಲ್ಲೋ.” “ಈಗ?” “ಬಂತು ಬಂತು, ಹೋತು.” ಅರ್ಧ ತಾಸಿನ ನಂತರ ಒಂದು ತಂಬೂರಿಯ ದನಿ ಬಂತು ನೋಡಿ, ಗರಗರ ಇಲ್ಲ, ಕೊರಕೊರ ಇಲ್ಲ. ಮುತ್ಯಾ ನೆಟ್ಟಗೆ ಕೂತ. ಇಡೀ ರಾಗ ಮುಗಿಯೋವರೆಗೆ ಮಾತಾಡಲಿಲ್ಲ. ಮುಗಿದ ಮೇಲೆ ಕಾಯ್ದ, ಈಗ ಬರತೈತಿ ಸೋಪಿಂದು ಅಂತ. ಬರಲಿಲ್ಲ. ಇನ್ನೊಂದು ರಾಗವೇ ಶುರುವಾಯ್ತು. “ಇದು ರೇಡಿಯೋ ಅಂದ್ರ” ಅಂದ.

ಹಳೇ ರೇಡಿಯೋ ಕಪಾಟು ಸೇರಿತು. ಅದರ ಜೊತೆ ಗಡಿಯಾರವೂ ಕಪಾಟು ಸೇರಿದೆ ಅಂತ ಯಾರಿಗೂ ಹೊಳೀಲಿಲ್ಲ.

ಬೆಳಗು ಬೈಗು ಅಂತಿಲ್ಲದೆ ರಾಗದ ಮೇಲೆ ರಾಗ. ಎರಡು ಮೂರು ದಿನಕ್ಕೆ ಮುತ್ಯಾನಿಗೆ ಗೊತ್ತಾಯ್ತು. ನನ್ನ ಕರೆದ. “ಯವ್ವಾ, ಮುಂಜಾನೆ ನೀ ಸಾಲಿಗೆ ಹೋಗೂ ಮುಂದ ಒಂದು, ಸಂಜಿಕೆ ಏಳಾದ ಮ್ಯಾಲ ಒಂದು, ಟೈಮಾತು ಅಂತ ಹೇಳ್ತಿಯೇನು?” ನಾನು ಆರನೇ ಕ್ಲಾಸು. ದೊಡ್ಡವರ ಕೆಲಸ ಸಿಕ್ಕಿತು ಅಂತ ಖುಷಿಯಾಯ್ತು. ಒಂದು ವಾರ ಸರಿಯಾಗಿ ಹೇಳಿದೆ.

ಆಮೇಲೆ ಮರೆತೆ. ಸಂಜೆ ಏಳಕ್ಕೆ ಪಕ್ಕದ ಮನೆಯಲ್ಲಿ ಟಿವಿ ನೋಡ್ತಾ ಕೂತಿರ್ತಿದ್ದೆ. ಬೆಳಗ್ಗೆ ಸಾಲಿ ಗಡಿಬಿಡಿ. ಕೆಲವು ಸಲ ಮುತ್ಯಾ ತಾನೇ ಕೂಗಿ ಕೇಳ್ತಿದ್ದ, “ಏಳಾತೇನವಾ?” ಏಳೂವರೆ ಆಗಿರ್ತಿತ್ತು. ಈಗ ಹೇಳಿದರೆ ತಡ ಯಾಕಂತ ಕೇಳ್ತಾನಲ್ಲ ಅಂತ “ಇನ್ನೂ ಇಲ್ಲ ಮುತ್ಯಾ” ಅಂತಿದ್ದೆ. ಆಮೇಲೆ ಹೇಳಿದರಾಯ್ತು ಅಂದ್ಕೊಂಡು ಅದನ್ನೂ ಮರೀತಿದ್ದೆ. ಒಂದು ಸಲ ಅಲ್ಲ, ಎಷ್ಟೋ ಸಲ.

ಕಂಡುಹಿಡಿದವಳು ಅವ್ವ. ತಿಂಗಳಿಗೊಂದು ಬೇಕಾಗಿದ್ದ ಬಾಟಲಿ ಎರಡು ತಿಂಗಳಾದರೂ ಮುಗಿದಿರಲಿಲ್ಲ. ಅಪ್ಪ ಬಾಗಲಕೋಟೆಗೆ ಕರ್ಕೊಂಡು ಹೋದ, ನಾನೂ ಹೋದೆ. ಒತ್ತಡ ಮತ್ತೆ ಏರಿತ್ತು. ಬಾಗಿಲ ಬೆಳಕು ಕಾಣ್ತಿದ್ದ ಕಣ್ಣಿಗೆ ಈಗ ಟಾರ್ಚು ಹಿಡಿದರೆ ಮಾತ್ರ ಗೊತ್ತಾಗ್ತಿತ್ತು. ಇದು ಹನಿ ತಪ್ಪಿದ್ದರಿಂದಲೋ, ಹೇಗೂ ಆಗೋದಿತ್ತೋ ಅಂತ ಡಾಕ್ಟರು ಹೇಳಲಿಲ್ಲ. “ಹನಿ ಸರಿ ಹಾಕ್ಕೊಂಡಿಲ್ಲೇನು ಅಜ್ಜಾ?” ಅಂತ ಅಷ್ಟೇ ಕೇಳಿದರು.

ಮುತ್ಯಾ ನನ್ನ ಕೈ ಹಿಡ್ಕೊಂಡು ಕೂತಿದ್ದ. “ನಾನ ಮರತೆ ಸಾಹೇಬ್ರ. ವಯಸ್ಸಾತು” ಅಂದ.

ನಾನು ಬಾಯಿ ಬಿಡಲಿಲ್ಲ. ಆವತ್ತೂ ಇಲ್ಲ, ಆಮೇಲೂ ಇಲ್ಲ.

ಸುದ್ದಿ ಕೇಳಿ ಕಾಕಾ ಬೆಂಗಳೂರಿನಿಂದ ಮಾತಾಡುವ ಗಡಿಯಾರ ಕಳಿಸಿದ. ಗುಂಡಿ ಒತ್ತಿದರೆ ಒಬ್ಬಳು ಇಂಗ್ಲಿಷಿನಲ್ಲಿ ಟೈಮು ಹೇಳ್ತಿದ್ದಳು. ಮುತ್ಯಾ ಎರಡು ದಿನ ಒತ್ತಿದ. “ಇಕಿ ಏನಂತಾಳ?” ಅಂತ ಪ್ರತಿ ಸಲ ಯಾರನ್ನಾದರೂ ಕೇಳಬೇಕು. ಮೂರನೇ ದಿನ ತಾನೇ ಗೋಡೆ ಹಿಡ್ಕೊಂಡು ಕಪಾಟಿಗೆ ಹೋದ, ಹಳೇ ರೇಡಿಯೋ ತೆಗೆದ. “ಹೊಸಾ ಸೆಲ್ ತರಸು” ಅಂದ ಅಪ್ಪನಿಗೆ. ಮರುದಿನ ಬೆಳಗ್ಗೆ ಮನೆಯಲ್ಲಿ ಮತ್ತೆ ಬನಿಯನ್, ಚಹಾಪುಡಿ, ಆಮೇಲೆ ವಾರ್ತೆ, ಟಪ್. ವರ್ಲ್ಡ್‌ಸ್ಪೇಸ್ ಮಧ್ಯಾಹ್ನದ ಮಾತಾಯ್ತು, ಉಂಡು ಅಡ್ಡಾದಾಗ ಒಂದು ರಾಗ. ಬಲಗಣ್ಣಿನ ಆ ಟಾರ್ಚಿನಷ್ಟು ಬೆಳಕು ಅವನು ಹೋಗೋವರೆಗೂ ಇತ್ತು.

ಮಧ್ಯಾಹ್ನದ ರಾಗವೂ ಬಹಳ ದಿನ ಉಳೀಲಿಲ್ಲ. 2008ರ ಅಕ್ಟೋಬರಿನಲ್ಲಿ ಕಂಪನಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು, ಭಾರತದ ಸೇವೆ 2009ರ ಡಿಸೆಂಬರ್ 31ಕ್ಕೆ ನಿಂತಿತು. ಅಮೆರಿಕದ ಎಕ್ಸ್‌ಎಂ, ಸಿರಿಯಸ್ ಅನ್ನೋ ಎರಡು ಉಪಗ್ರಹ ರೇಡಿಯೋಗಳೂ 2008ರಲ್ಲೇ ಒಂದಾಗಿ ಹೋಗಿದ್ದವು. ಜಾಹೀರಾತು ಬೇಡ ಅನ್ನೋ ಜನ ಎಲ್ಲ ಕಡೆ ಇದ್ದಾರೆ. ಅದಕ್ಕೆ ವರ್ಷಾ ವರ್ಷಾ ಸಾಕಷ್ಟು ದುಡ್ಡು ಕೊಡುವವರು ನಮ್ಮ ದೇಶದಲ್ಲಿ ಆಗ ಕಡಿಮೆ ಇದ್ದರು ಅಂತ ನನಗನಿಸುತ್ತೆ. ಉಪಗ್ರಹ ಹಾರಿಸಿದ ಖರ್ಚು ಯಾರಾದರೂ ಕೊಡಬೇಕಲ್ಲ, ಬನಿಯನ್ ಕಂಪನಿ ಇಲ್ಲವೇ ನಾವು.

ಮುತ್ಯಾ ಹೋಗಿ ಹನ್ನೆರಡು ವರ್ಷವಾಯ್ತು. ಆ ರೇಡಿಯೋ ಈಗ ಅಪ್ಪನ ಹತ್ತಿರ ಇದೆ. ಹೋದ ವರ್ಷ ಅಪ್ಪನಿಗೂ ಕಣ್ಣಿನ ಒತ್ತಡ ಹೆಚ್ಚಿದೆ ಅಂತ ಗೊತ್ತಾಯ್ತು. ಇದು ಮನೆತನದಲ್ಲಿ ಇಳಿದು ಬರೋ ರೋಗ. ತಂದೆಗೆ, ಅಜ್ಜನಿಗೆ ಇದ್ದರೆ ಮಕ್ಕಳು ನಲವತ್ತರ ದಾರಿ ಕಾಯದೆ ತೋರಿಸ್ಕೋಬೇಕಂತೆ. ನಾನೂ ಬೆಂಗಳೂರಲ್ಲಿ ತೋರಿಸಿಕೊಂಡೆ, ಸದ್ಯಕ್ಕೆ ಏನೂ ಇಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ನೀವೂ ಒಮ್ಮೆ ಹೋಗಿ ಬನ್ನಿ. ಕಣ್ಣಲ್ಲಿ ಗಾಳಿ ಊದಿ ನೋಡ್ತಾರೆ, ನೋವೇನಿಲ್ಲ.

ಅಪ್ಪನಿಗೂ ಹನಿ, ಬೆಳಗ್ಗೆ ಒಂದು, ಸಂಜೆ ಒಂದು. ಫೋನಿನಲ್ಲಿ ಅಲಾರಾಂ ಇಟ್ಟು ಕೊಟ್ಟು ಬಂದಿದ್ದೆ. ಅದು ಹೊಡೆದರೆ ಯಾರೋ ಫೋನ್ ಮಾಡಿದ್ದಾರೆ ಅಂತ ಎತ್ತಿ ‘ಹಲೋ’ ಅಂತಾನಂತೆ. ಅವ್ವ ಹೇಳಿ ಹೇಳಿ ನಗ್ತಾಳೆ.

ಅದಕ್ಕೆ ಈಗ ಬೆಳಗ್ಗೆ ಏಳೂವರೆ ಹೊತ್ತಿಗೆ ನಾನೇ ಫೋನ್ ಮಾಡ್ತೀನಿ. ಆ ಕಡೆ ರೇಡಿಯೋ ಹಚ್ಚಿರುತ್ತೆ. ನಾನೂ ಇಲ್ಲಿ ಲ್ಯಾಪ್‌ಟಾಪಿನಲ್ಲಿ ಆಕಾಶವಾಣಿಯ ನ್ಯೂಸ್ ಆನ್ ಏರ್ ತೆರೆದು ಧಾರವಾಡ ಹಚ್ಚಿಟ್ಕೊಂಡಿರ್ತೀನಿ. ಇಂಟರ್ನೆಟ್ಟಿನಲ್ಲಿ ಬರೋದು ಸ್ವಲ್ಪ ತಡ. ಅಪ್ಪನ ಕಡೆ ಜಾಹೀರಾತು ಶುರುವಾಗಿರುತ್ತೆ, ನನ್ನ ಕಡೆ ಹಾಡು ಇನ್ನೂ ಮುಗಿದಿರಲ್ಲ.

“ಜಾಹೀರಾತು ಬಂತು ನೋಡಪಾ, ಹನಿ ಹಾಕ್ಕೊ” ಅಂತೀನಿ.

“ತಡಿಯವಾ, ಮುಚ್ಚಳ ತಗಿಯಾಕತ್ತೀನಿ” ಅಂತಾನೆ.