ಬಾಡಿಗೆ ಮನೆಯ ಅನಂತ್‌ನಾಗ್

2025ರ ಜನವರಿಯಲ್ಲಿ ಅನಂತ್‌ನಾಗ್‌ಗೆ ಪದ್ಮಭೂಷಣ ಅಂತ ಸುದ್ದಿ ಬಂದಾಗ ಬಹಳ ಜನ 'ಹಂಸಗೀತೆ', 'ಬರ', 'ಮಿಂಚಿನ ಓಟ' ಅಂತೆಲ್ಲ ನೆನಪಿಸಿಕೊಂಡರು. ಒಳ್ಳೆಯದೇ. ಆದ್ರೆ ನಮ್ಮನೇಲಿ ಮಾತ್ರ ಅನಂತ್‌ನಾಗ್ ಅಂದ್ರೆ ಗಣೇಶ. ವಠಾರದ ಬಾಡಿಗೆ ಮನೆಯಲ್ಲಿ ಕೂತು ಮಾಲೀಕನ ಜೊತೆ ಜಗಳ ಆಡೋ ಗಣೇಶ. ಹಾಗಾಗಿ ಅವರ ಕಾಮಿಡಿಗಳ ಬಗ್ಗೆ ನನಗೆ ತೋಚಿದ್ದನ್ನ ಬರೀತಾ ಇದೀನಿ. ವಿಮರ್ಶೆ ಗಿಮರ್ಶೆ ಅಂತ ದೊಡ್ಡ ಹೆಸರು ಬೇಡ, ನೋಡಿದ್ದನ್ನ ನೋಡಿದ ಹಾಗೆ.

ನಮ್ಮೂರು ಬಂಕಾಪುರ. ಗೊತ್ತಿಲ್ಲದವರಿಗೆ: ಹಾವೇರಿ ಜಿಲ್ಲೆ, ಶಿಗ್ಗಾಂವಿ ತಾಲ್ಲೂಕು. ಹಳೇ ಕೋಟೆ, ಅದರೊಳಗೆ ನಗರೇಶ್ವರ ಗುಡಿ, ಸುತ್ತ ನವಿಲುಗಳು. ಸಿನಿಮಾ ಲೆಕ್ಕದಲ್ಲಿ ನಮ್ಮ ತಾಲ್ಲೂಕಿನ ದೊಡ್ಡ ಹೆಸರು ಶಿಶುನಾಳ ಶರೀಫರದ್ದು. ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂದದ್ದು 1990ರಲ್ಲಿ. ಫಣಿ ರಾಮಚಂದ್ರರ 'ಗಣೇಶನ ಮದುವೆ' ಬಂದದ್ದೂ ಅದೇ 1990ರಲ್ಲಿ. ಇವೆರಡರಲ್ಲಿ ನಮ್ಮವ್ವ ಯಾವುದನ್ನ ಹೆಚ್ಚು ಸಲ ನೋಡಿದ್ದಾಳೆ ಅಂತ ಮಾತ್ರ ಕೇಳಬೇಡಿ :-)

'ಗಣೇಶನ ಮದುವೆ' ಕಥೆ ನಿಮಗೆಲ್ಲ ಗೊತ್ತೇ ಇರುತ್ತೆ. ಮುಖ್ಯಮಂತ್ರಿ ಚಂದ್ರು ವಠಾರದ ಮಾಲೀಕ ರಮಣಮೂರ್ತಿ, ಅನಂತ್‌ನಾಗ್ ಬಾಡಿಗೆದಾರ ಗಣೇಶ. ಮಾಲೀಕನ ಮಗಳು ಆದಿಲಕ್ಷ್ಮಿಗೂ (ವಿನಯಾ ಪ್ರಸಾದ್) ಇವನಿಗೂ ಹಾವು ಮುಂಗುಸಿ ಸಂಬಂಧ. ಅತ್ತ ವೈ.ಜಿ. ರಾವ್ ಅನ್ನೋನು ಶ್ರುತಿ ಅನ್ನೋ ಗಾಯಕಿಗೆ ಮೋಹಗೊಂಡು ಪತ್ರ ಬರೀತಾನೆ. ರಾವ್ ಅಂದ್ರೆ ಇದೇ ಗಣೇಶ, ಶ್ರುತಿ ಅಂದ್ರೆ ಇದೇ ಆದಿಲಕ್ಷ್ಮಿ. ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ, ಅಷ್ಟೇ. ಪತ್ರದಲ್ಲಿ ಪ್ರೀತಿ, ಎದುರಿಗೆ ಜಗಳ ಅನ್ನೋ ಈ ಬೀಜ ಹಳೇದು. 1940ರಲ್ಲಿ ಲುಬಿಚ್ ಹಾಲಿವುಡ್ಡಲ್ಲಿ 'ದಿ ಶಾಪ್ ಅರೌಂಡ್ ದಿ ಕಾರ್ನರ್' ಮಾಡಿದ್ದ. ಅದನ್ನೇ 1998ರಲ್ಲಿ ಇ-ಮೇಲ್‌ಗೆ ಒಗ್ಗಿಸಿ 'ಯೂ ಹ್ಯಾವ್ ಗಾಟ್ ಮೇಲ್' ಮಾಡಿದರು. ನಮ್ಮವರು ಅದಕ್ಕೆ ಎಂಟು ವರ್ಷ ಮೊದಲೇ ವಠಾರದಲ್ಲಿ ನಿಲ್ಲಿಸಿದ್ದರು. ಲುಬಿಚ್‌ನ ಜೋಡಿ ಒಂದು ಅಂಗಡೀಲಿ ಕೆಲಸ ಮಾಡುತ್ತೆ. ನಮ್ಮ ಜೋಡಿಯ ನಡುವೆ ಬಾಡಿಗೆ ಇದೆ. ನನ್ನ ಪ್ರಕಾರ ಇಡೀ ಸಿನಿಮಾದ ಖಾರ ಇರೋದು ಅಲ್ಲೇ.

ಒಂದು ತಮಾಷೆ ವಿಷಯ. ಮುಖ್ಯಮಂತ್ರಿ ಚಂದ್ರು 1985ರಲ್ಲಿ ಗೌರಿಬಿದನೂರಿನಿಂದ ಶಾಸಕರಾಗಿದ್ದವರು. ಅಂದ್ರೆ ಸಿನಿಮಾ ಬಂದಾಗ ಮನೆ ಮಾಲೀಕ ಮಾಜಿ ಶಾಸಕ. ಬಾಡಿಗೆದಾರ ಅನಂತ್‌ನಾಗ್ 1994ರಲ್ಲಿ ಮಲ್ಲೇಶ್ವರದಿಂದ ಗೆದ್ದು, ಮುಂದೆ ಜೆ.ಎಚ್. ಪಟೇಲರ ಸಂಪುಟದಲ್ಲಿ ಬೆಂಗಳೂರು ನಗರಾಭಿವೃದ್ಧಿ ಸಚಿವ! ಇದನ್ನ ಸ್ಕ್ರಿಪ್ಟಲ್ಲಿ ಬರೆದಿದ್ರೆ ಅತಿಯಾಯ್ತು ಅಂತ ತೆಗೆಸ್ತಿದ್ದರೇನೋ.

ನಾನು ಇವನ್ನೆಲ್ಲ ನೋಡಿದ್ದು ಟಿವಿಯಲ್ಲಿ, ಹೈಸ್ಕೂಲಿಗೂ ಮುಂಚೆ. "ವಠಾರ ಅಂದ್ರ ನಮ್ಮ ಹುಬ್ಬಳ್ಳಿ ಚಾಳ ಇದ್ದಂಗ ಹೌದಿಲ್ಲೋ?" ಅಂತ ಅವ್ವ ಕೇಳಿದ್ದು ನೆನಪಿದೆ. ಅಲ್ಲಿಯ ಮಾತು ನಮ್ಮದಲ್ಲ, ಊಟ ನಮ್ಮದಲ್ಲ. ಆದ್ರೂ ನಕ್ಕಿದ್ದಕ್ಕೆ ಲೆಕ್ಕವಿಲ್ಲ. ಕನ್ನಡ ಸಿನಿಮಾದಲ್ಲಿ ನಮ್ಮ ಕಡೆ ಭಾಷೆ ಆಡೋ ಪಾತ್ರ ಬಂದ್ರೆ ಬಹಳ ಸಲ ಅವನು ಬಾಯಿ ತೆಗೆದದ್ದೇ ಜೋಕು. "ಏನ್ರೀಪಾ" ಅಂದ್ರೆ ಸಾಕು, ಥೇಟರ್ ನಗಬೇಕು. ನಾವು ಮನೇಲಿ ದಿನವಿಡೀ ಏನ್ರೀಪಾ ಅಂತೀವಿ, ಯಾರೂ ನಗಲ್ಲ. ಗಣೇಶನ ಸಿನಿಮಾದಲ್ಲಿ ನಗು ಹುಟ್ಟೋದು ಅವನು ಸಿಕ್ಕಿಹಾಕಿಕೊಂಡ ಫಜೀತಿಯಿಂದ, ಯಾರದೋ ಮಾತಿನ ಧಾಟಿಯಿಂದ ಅಲ್ಲ. ಅದಕ್ಕೇ ಬಂಕಾಪುರದಲ್ಲೂ ಅದು ಹತ್ತಿತು.

ಅನಂತ್‌ನಾಗ್ ಮುಖ ಕಿವುಚಿ ನಗಿಸೋ ನಟ ಅಲ್ಲ. ಸುಳ್ಳನ್ನ ಪೂರ್ತಿ ನಂಬಿ ಹೇಳ್ತಾರೆ. ಸಿಕ್ಕಿಬಿದ್ದಾಗ ಒಂದು ಕ್ಷಣ ಸುಮ್ಮನಾಗಿ, ಇನ್ನೂ ದೊಡ್ಡ ಸುಳ್ಳು ಹುಡುಕಿ, ಅದನ್ನ ಮೊದಲಿಗಿಂತ ಮೃದುವಾಗಿ ಹೇಳ್ತಾರೆ. ಕಾಲೇಜಲ್ಲಿ 'ಅಂಕುರ್' (1974) ನೋಡಿದಾಗ ನನಗೆ ಆಘಾತವೇ ಆಯ್ತು. ಬೆನಗಲ್‌ರ ಆ ಸಿನಿಮಾದಲ್ಲಿ ಇವರು ಜಮೀನ್ದಾರನ ಮಗ, ಮನೆಗೆಲಸದ ಲಕ್ಷ್ಮಿಯನ್ನ ಬಳಸಿಕೊಂಡು ಕೈಬಿಡೋ ಹೇಡಿ. ಮುಖ ಅದೇ, ಮುಗ್ಧತೆ ಅದೇ. ಅಲ್ಲಿ ನೋಡಿದ್ರೆ ಸಿಟ್ಟು ಬರುತ್ತೆ, ಇಲ್ಲಿ ನೋಡಿದ್ರೆ ಪಾಪ ಅನ್ಸುತ್ತೆ. ಜಮೀನಿದ್ದವನು ಸುಳ್ಳು ಹೇಳೋದಕ್ಕೂ, ಬಾಡಿಗೆ ಬಾಕಿ ಇದ್ದವನು ಸುಳ್ಳು ಹೇಳೋದಕ್ಕೂ ಇರೋ ವ್ಯತ್ಯಾಸ ಅಂತ ನಾನು ಅರ್ಥ ಮಾಡ್ಕೊಂಡಿದೀನಿ.

'ಗೌರಿ ಗಣೇಶ' (1991) ಇದಕ್ಕಿಂತ ಒಂದು ಕೈ ಮೇಲು. ಇಲ್ಲಿ ಹೀರೋ ಲಂಬೋದರ, ಶುದ್ಧ ಕಿಲಾಡಿ. ಸತ್ತುಹೋದಳು ಅಂದ್ಕೊಂಡ ಹೆಣ್ಣೊಬ್ಬಳ ಡೈರಿ ಸಿಗುತ್ತೆ. ಮೂವರು ಸಾಹುಕಾರರಿಗೂ ಬೇರೆ ಬೇರೆಯಾಗಿ, 'ಅವಳ ಮಗುವಿಗೆ ನೀನೇ ಅಪ್ಪ' ಅಂತ ಹೆದರಿಸಿ ದುಡ್ಡು ಕೀಳ್ತಾನೆ. ಕೊನೆಗೆ ಮಗುವನ್ನ ತೋರಿಸಬೇಕಾಗಿ ಬಂದಾಗ ಒಬ್ಬ ಹುಡುಗನನ್ನ ಎಲ್ಲಿಂದ ತರೋದು? ಮಾಸ್ಟರ್ ಆನಂದ್ ಬರ್ತಾನೆ ನೋಡಿ, ಇಡೀ ಸಿನಿಮಾ ಅವನ ಜೇಬಿಗೆ. ಹೇಳೋಕೆ ಹೋದ್ರೆ ಕೊಳಕು ಕಥೆ, ಆದ್ರೆ ಮನೆಮಂದಿಯೆಲ್ಲ ಕೂತು ನೋಡಬಹುದು. ಮೂರನೇದು 'ಗಣೇಶ ಸುಬ್ರಮಣ್ಯ' (1992) ನನಗೆ ಅಷ್ಟು ಹಿಡಿಸಲಿಲ್ಲ. ಬೈಯೋರು ಬೈಯಿರಿ.

ಈಗ ನನ್ನ ತಕರಾರು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ಮನೆ ಹುಡುಕೋಕೆ ಹೊರಟಾಗ ತಲೇಲಿ ಇದೇ ಸಿನಿಮಾಗಳಿದ್ದವು. ಗೇಟಿಗೆ 'ಮನೆ ಬಾಡಿಗೆಗೆ ಇದೆ' ಅಂತ ಬೋರ್ಡು. ಒಳಗೆ ರಮಣಮೂರ್ತಿಯಂಥದೇ ಒಬ್ಬರು. ಬಾಡಿಗೆ, ಅಡ್ವಾನ್ಸು, ನೀರು ಎಲ್ಲ ಮಾತಾಯ್ತು. ನನ್ನ ಭಾಷೆ ಕೇಳಿ "ಓ, ಉತ್ತರ ಕರ್ನಾಟಕದೋರಾ? ಚೆನ್ನಾಗಿ ಮಾತಾಡ್ತೀರಿ" ಅಂತ ನಕ್ಕರು. ಆಮೇಲೆ ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?" ಅಂದರು. ಭಾನುವಾರ ಮಟನ್ ಬೇಯೋ ಮನೆ ನಮ್ಮದು, ಹಾಗೇ ಹೇಳಿದೆ. "ಮಗನನ್ನ ಕೇಳಿ ಫೋನ್ ಮಾಡ್ತೀನಿ" ಅಂದರು. ಫೋನ್ ಬರಲಿಲ್ಲ. ತಿಂಗಳಾದರೂ ಬೋರ್ಡು ಅಲ್ಲೇ ಇತ್ತು. ಜೊತೆಗಿದ್ದ ಗೆಳೆಯ, "ಅನಂತ್‌ನಾಗ್ ಆಗಿದ್ರೆ ಒಂದು ಸುಳ್ಳು ಬಿಟ್ಟು ಬೀಗದ ಕೈ ಇಸ್ಕೊಂಡಿರ್ತಿದ್ದ ನೋಡು" ಅಂದ.

ಅವತ್ತು ರಾತ್ರಿ ಪಿಜಿಯಲ್ಲಿ 'ಗಣೇಶನ ಮದುವೆ' ಮತ್ತೆ ಹಾಕಿದೆ. ಗೆಳೆಯ ಹೇಳಿದ್ದು ಸರಿ ಅಲ್ಲ ಅನ್ನಿಸ್ತು. ಗಣೇಶ ಎಷ್ಟೆಲ್ಲ ಮುಚ್ಚಿಡ್ತಾನೆ, ಎಷ್ಟೆಲ್ಲ ಬೂಸಿ ಬಿಡ್ತಾನೆ. ಈ ಒಂದು ಪ್ರಶ್ನೆಗೆ ಮಾತ್ರ ಸುಳ್ಳು ಹೇಳೋ ಪ್ರಸಂಗವೇ ಅವನಿಗೆ ಬರಲ್ಲ. ಗಣೇಶ, ಲಂಬೋದರ, ವೈ.ಜಿ. ರಾವ್... ಹೆಸರು ಕೇಳಿದ ಕೂಡಲೇ ಬಾಗಿಲು ತೆಗೀತಾರೆ, ಜಗಳ ಶುರುವಾಗೋದು ಒಳಗೆ ಹೋದ ಮೇಲೆ. ಮಾಲೀಕನ ಜೊತೆ ಜಗಳ ಆಡೋಕಾದರೂ ಮೊದಲು ಬಾಡಿಗೆದಾರ ಆಗಬೇಕಲ್ಲ! ಇಷ್ಟು ಹೊಳೆದ ಮೇಲೂ ಆ ರಾತ್ರಿ ನಗು ಬಂತು, ಅದನ್ನೂ ಹೇಳಬೇಕು. ಆದ್ರೆ ರಮಣಮೂರ್ತಿ ತೆರೆ ಮೇಲೆ ಬಂದಾಗಲೆಲ್ಲ ಅವರು ನನ್ನನ್ನೂ ಏನೋ ಕೇಳ್ತಾರೆ ಅನ್ನಿಸ್ತಿತ್ತು.

ಕೊನೆಗೆ 'ಉಂಡೂ ಹೋದ ಕೊಂಡೂ ಹೋದ' (1992). ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ ಮೊದಲ ಸಿನಿಮಾ. ಇದರಲ್ಲಿ ವಠಾರ ಇಲ್ಲ, ಹಳ್ಳಿ ಇದೆ. ಅನಂತ್‌ನಾಗ್ ಸರ್ಕಾರಿ ಸಾಹೇಬನ ವೇಷದಲ್ಲಿ ಬಂದು, ಊರು ಉದ್ಧಾರ ಮಾಡ್ತೀನಿ ಅಂತ ನಂಬಿಸಿ, ಹೆಸರಿನಲ್ಲೇ ಇರೋ ಕೆಲಸ ಮಾಡ್ತಾನೆ. ಅಲ್ಲಿ ಯಾರೂ ಅವನನ್ನ ಯಾವ ಪೈಕಿ ಅಂತ ಕೇಳಿ ಬಾಗಿಲು ಹಾಕಲ್ಲ. ಸಾಹೇಬ ಅಂದ್ರೆ ಮುಗೀತು, ಎಲ್ಲ ಮನೆ ಅಡುಗೆ ಅವನಿಗೇ. ನನಗೆ ಇದೇ ಎಲ್ಲದಕ್ಕಿಂತ ಇಷ್ಟ, ಯಾಕಂದ್ರೆ ನಗ್ತಾ ನಗ್ತಾ ಊರಿನವರ ಬಗ್ಗೆ ಹೊಟ್ಟೆ ಉರಿಯುತ್ತೆ. ಹೋದ ದೀಪಾವಳಿಗೆ ಊರಲ್ಲಿ ಅಪ್ಪನಿಗೆ ಫೋನಿನಲ್ಲಿ ಹಾಕಿ ತೋರಿಸಿದೆ. ಎಲ್ಲರೂ ನಗೋ ಜಾಗದಲ್ಲಿ ಅಪ್ಪ ನಗಲಿಲ್ಲ. ಮುಗಿದ ಮೇಲೆ ಫೋನ್ ವಾಪಸ್ ಕೊಡ್ತಾ, "ಭಾರಿ ಛಲೋ ಮಾಡ್ಯಾನ. ಇಂಥಾಂವ ನಮ್ಮೂರಿಗೂ ಒಬ್ಬಾಂವ ಬಂದಿದ್ದ, ಆದ್ರ ಇಷ್ಟ ಚಂದ ಇರಲಿಲ್ಲ" ಅಂದ.